ಟ್ರೌಟ್ ಮೀನೂ ಹುಸಿನೊಣವೂ

ಗಾಳ ಹಾಕುವುದೆಂದರೆ ಕೆಲಸವಿಲ್ಲದವನ ಕೆಲಸವೆಂದು ನಮ್ಮಲ್ಲಿ ಅನೇಕರ ಎಣಿಕೆ. ಕೆರೆಯ ಏರಿಯ ಮೇಲೆ ಕೋಲು ಹಿಡಿದು ಹೊತ್ತುಗಟ್ಟಲೆ ಕುಳಿತವನನ್ನು ಕಂಡರೆ ಅವನ ತಾಳ್ಮೆಯನ್ನು ಮೆಚ್ಚುವವರಿಗಿಂತ ಅವನ ಸೋಮಾರಿತನವನ್ನು ಕುರಿತು ನಗುವವರೇ ಹೆಚ್ಚು. ಆದರೆ ಗಾಳದಲ್ಲಿಯೂ ಒಂದು ವಿದ್ಯೆಯುಂಟು. ಎರೆಹುಳುವನ್ನಾಗಲಿ, ಹಿಟ್ಟಿನ ಉಂಡೆಯನ್ನಾಗಲಿ, ಮೀನಿಗೆ ರುಚಿಸುವ ಬೇರಾವ ಪದಾರ್ಥವನ್ನಾಗಲಿ ಬಳಸದೆ, ಒಂದು ಪುಟ್ಟ ಕೊಕ್ಕೆಗೆ ಕೋಳಿಯ ಗರಿಯನ್ನೂ ರೇಷ್ಮೆಯ ಎಳೆಯನ್ನೂ ಮೊಲದ ತುಪ್ಪಳವನ್ನೂ ಸುತ್ತಿ, ನದಿಯ ಮೇಲೆ ಹಾರುವ ಕೀಟವೊಂದರ ಹೋಲಿಕೆಯನ್ನು ಮಾಡಿ, ಅದರಿಂದಲೇ ಮೀನನ್ನು ಹಿಡಿಯುವುದು ಆ ವಿದ್ಯೆ. ಇಂಗ್ಲಿಷ್ ಮಾತನಾಡುವವರು ಈ ಕೃತಕ ಕೀಟವನ್ನು ‘ಫ್ಲೈ’ ಎನ್ನುವರು. ನಾವು ಈ ಭಾಷಣದಲ್ಲಿ ಅದನ್ನು ಹುಸಿನೊಣವೆಂದು ಕರೆಯೋಣ. ಈ ವಿದ್ಯೆಯ ಸ್ವರೂಪವೇನು, ಶರತ್ಕಾಲದ ಕೊನೆಯಲ್ಲಿ ಅದು ಹೇಗೆ ನಡೆಯುತ್ತದೆ, ಆ ಕಾಲದಲ್ಲಿ ಅದಕ್ಕೆ ಇರಬೇಕಾದ ಎಲ್ಲೆ ಯಾವುದು, ಈ ಮೂರು ವಿಷಯಗಳನ್ನು ಕುರಿತು ಕೇಳುಗರ ಮುಂದೆ ನಾಲ್ಕು ಮಾತುಗಳನ್ನಿಡುವುದು ನಮ್ಮ ಉದ್ದೇಶ.

ಇಂತಹ ವಿಷಯವನ್ನು ಒಂದು ನದಿಗೆ ಕಟ್ಟಿ ಹೇಳುವುದು ಮೇಲು. ಅಮೆರಿಕಾ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ಪ್ರಾಂತದಲ್ಲಿ, ಅದೇ ಹೆಸರಿನ ಮಹಾನಗರದಿಂದ ವಾಯವ್ಯಕ್ಕೆ, ಕ್ಯಾಟ್‌ಸ್ಕಿಲ್ ಎಂಬ ಬೆಟ್ಟಗಳ ಸಾಲಿದೆ. ಆ ಬೆಟ್ಟಗಳಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು, ಡೆಲವೇರ್ ನದಿಯ ಪೂರ್ವಶಾಖೆಯನ್ನು ಸೇರುವ ಹೊಳೆ ಬೀವರ್‌ಕಿಲ್. ‘ಕಿಲ್’ ಎಂಬುದು ಯೂರೋಪಿನಿಂದ ಆ ಸೀಮೆಗೆ ಬಂದು ನೆಲಸಿದ ಡಚ್ಚರ ಮಾತು. ಹೊಳೆಯೆಂದೇ ಅದರ ಅರ್ಥ. ರಾಸ್ಕೊ ಎಂಬ ಊರಿನ ಬಳಿ ವಿಲ್ಲೊವೀಮಾಕ್ ಎಂಬ ಇನ್ನೊಂದು ಹೊಳೆ ಇದನ್ನು ಕೂಡುತ್ತದೆ. ಆ ಸಂಗಮದ ಮಡುವು ಗಾಳಗಾರರಿಗೆ ಒಂದು ಕ್ಷೇತ್ರವೇ ಆಗಿಬಿಟ್ಟಿದೆ. ತೇಲುವ ಹುಸಿನೊಣದ ವಿದ್ಯೆ ಅಮೆರಿಕದ ನೀರಿಗೆ ಒಗ್ಗಿದುದು ಈ ಹೊಳೆಯ ಮತ್ತು ಇದರ ನೆರೆಯ ನೆವರ್‌ಸಿಂಕ್ ಹೊಳೆಯ ದಡಗಳಲ್ಲಿ.

ಮೊದಲು ಮೀನಿನ ಪರಿಚಯವಾಗಲಿ. ಟ್ರೌಟ್ ತಣ್ಣೀರಿನ ಮೀನು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಹೆಚ್ಚು. ಆ ಆಮ್ಲಜನಕ ಈ ಮೀನಿಗೆ ಹೇರಳವಾಗಿ ಬೇಕು. ಸೆಂಟಿಗ್ರೇಡ್ ಮಾನದಲ್ಲಿ ೧೦ರಿಂದ ೧೮ ಡಿಗ್ರಿಯವರೆಗಿನ ನೀರಿನಲ್ಲಿ ಅದು ಚುರುಕಾಗಿ ಮೇಯುತ್ತದೆ. ಕ್ಯಾಟ್‌ಸ್ಕಿಲ್ ಹೊಳೆಗಳ ಮೂಲನಿವಾಸಿ ಬ್ರೂಕ್ ಟ್ರೌಟ್ ಎಂಬ ಜಾತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳವರು ತೊಗಟೆಗಾಗಿ ಅಲ್ಲಿನ ಹೆಮ್ಲಾಕ್ ಮರಗಳನ್ನು ಅಪಾರವಾಗಿ ಕಡಿದರು. ನೆರಳು ಹೋಯಿತು, ನೀರು ಬೆಚ್ಚಗಾಯಿತು, ಬ್ರೂಕ್ ಟ್ರೌಟ್ ಮೇಲಣ ತಣ್ಣನೆಯ ತೊರೆಗಳಿಗೆ ಸರಿಯಿತು. ಇತ್ತ ೧೮೮೩ರಲ್ಲಿ ಜರ್ಮನಿಯ ಫಾನ್ ಬೆಯರ್ ಎಂಬ ಶ್ರೀಮಂತನು ಕಂದು ಟ್ರೌಟಿನ ಮೊಟ್ಟೆಗಳನ್ನು ನ್ಯೂಯಾರ್ಕಿನ ಫ್ರೆಡ್ ಮೇದರ್ ಎಂಬ ಮತ್ಸ್ಯತಜ್ಞನಿಗೆ ಕಳುಹಿಸಿಕೊಟ್ಟನು. ಈ ಪರದೇಶಿ ಮೀನು ಸ್ವಲ್ಪ ಬೆಚ್ಚನೆಯ ನೀರನ್ನೂ ಸಹಿಸುತ್ತದೆ. ಮೇಲಾಗಿ ಬಹಳ ಎಚ್ಚರದ ಪ್ರಾಣಿ. ೧೮೮೫ರಲ್ಲಿ ಸರ್ಕಾರವು ಕ್ಯಾಟ್‌ಸ್ಕಿಲ್ ಅರಣ್ಯಗಳನ್ನು ರಕ್ಷಿಸುವ ಕಾನೂನು ಮಾಡಿದ ಮೇಲೆ ಕಾಲಕ್ರಮದಲ್ಲಿ ಮರಗಳು ಮತ್ತೆ ಬೆಳೆದುವು. ಆದರೆ ಬೀವರ್‌ಕಿಲ್ಲಿನ ದೊಡ್ಡ ನೀರಿನಲ್ಲಿ ಅಷ್ಟು ಹೊತ್ತಿಗೆ ಕಂದು ಟ್ರೌಟ್ ಮನೆಯೊಡೆಯನಾಗಿತ್ತು.

ಇನ್ನು ಗಾಳದ ಕ್ರಮ. ನಮ್ಮ ಕಾವೇರಿಯ ಬಿಳಿಮೀನನ್ನು ನೆನೆಯೋಣ. ಇಂಗ್ಲಿಷಿನವರು ಮಹಸೀರ್ ಎಂದು ಕರೆಯುವ ಈ ಮೀನು ೧೯೪೬ರಲ್ಲಿ ೧೨೦ ಪೌಂಡು ತೂಗಿದುದುಂಟು. ಅದಕ್ಕೆ ರಾಗಿಯ ಹಿಟ್ಟನ್ನು ಬೇಯಿಸಿ ಉಂಡೆಮಾಡಿ ಕೊಕ್ಕೆಗೆ ಮೆತ್ತಿ ಎಸೆಯುವರು. ಉಂಡೆಗೆ ತೂಕವಿರುವುದರಿಂದ ಅದು ತಾನು ಹೋಗುತ್ತಾ ದಾರವನ್ನು ಎಳೆದುಕೊಂಡು ಹೋಗುತ್ತದೆ. ಹುಸಿನೊಣಕ್ಕೆ ಅಂತಹ ತೂಕವಿಲ್ಲ. ಉಫ್ ಎಂದು ಊದಿದರೆ ಹಾರಿಹೋಗುವ ವಸ್ತುವನ್ನು ನಲವತ್ತು ಅಡಿ ದೂರಕ್ಕೆ ಎಸೆಯುವುದು ಹೇಗೆ? ಇಲ್ಲಿಯೇ ಈ ವಿದ್ಯೆಯ ಯುಕ್ತಿಯಿರುವುದು. ತೂಕವನ್ನು ಕೊಕ್ಕೆಯಿಂದ ತೆಗೆದು ದಾರದಲ್ಲಿಯೇ ಇಟ್ಟಿದ್ದಾರೆ. ದಾರವು ದಪ್ಪವಾಗಿಯೂ ಭಾರವಾಗಿಯೂ ಇರುತ್ತದೆ. ಎಸೆಯುವುದು ದಾರವನ್ನು, ನೊಣವು ಅದರ ಹಿಂದೆ ಹೋಗುವ ಪರಿವಾರ ಮಾತ್ರ.

ಗಾಳಗಾರನು ಕೋಲನ್ನು ಎತ್ತಿ ದಾರವನ್ನು ಮೊದಲು ತನ್ನ ಬೆನ್ನ ಹಿಂದಕ್ಕೆ ಬೀಸುತ್ತಾನೆ. ಅದು ಗಾಳಿಯಲ್ಲಿ ಪೂರಾ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ತಡೆಯುತ್ತಾನೆ. ಹಾಗೆ ಚಾಚಿಕೊಂಡ ದಾರದ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗುತ್ತದೆ. ಆಗ ಕೈಯನ್ನು ಮುಂದಕ್ಕೆ ತಂದು ತಟಕ್ಕನೆ ನಿಲ್ಲಿಸಿದರೆ, ಬಾಗಿದ ಕೋಲು ನೆಟ್ಟಗಾಗುವ ರಭಸದಿಂದ ದಾರವು ಸುರುಳಿ ಬಿಚ್ಚುತ್ತಾ ಮುಂದಕ್ಕೆ ಹರಿಯುತ್ತದೆ. ತೋಳಿನ ಬಲಕ್ಕಿಂತ ಆ ಒಂದು ಕ್ಷಣದ ತಡೆಯೇ ಇಲ್ಲಿ ಮುಖ್ಯ. ಹೊಸಬರು ಸೋಲುವುದು ಬಹುಮಟ್ಟಿಗೆ ಆತುರದಿಂದ. ದಾರದ ತುದಿಗೆ, ಬರಬರುತ್ತಾ ಸಣ್ಣದಾಗುವ, ಕಣ್ಣಿಗೆ ಕಾಣದ ಒಂದು ಎಳೆಯನ್ನು ಕಟ್ಟಿರುವರು. ಭಾರವಾದ ದಾರದ ರಭಸವು ಆ ಎಳೆಯಲ್ಲಿ ಸವೆದುಹೋಗಿ, ನೊಣವು ನೀರಿನ ಮೇಲೆ ಸದ್ದಿಲ್ಲದೆ ಇಳಿಯಬೇಕು.

ಈ ಸಲಕರಣೆಗಳಿಗೂ ನಮ್ಮ ದೇಶಕ್ಕೂ ಒಂದು ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಕುಶಲಿಗಳು ಬಿದಿರನ್ನು ಸೀಳಿ, ಆರು ಸೀಳುಗಳನ್ನು ಅಂಟಿಸಿ, ಆರು ಮೂಲೆಯ ಕೋಲುಗಳನ್ನು ಮಾಡತೊಡಗಿದರು. ಆ ಬಿದಿರು ಮೊದಲು ಹೋಗುತ್ತಿದ್ದುದು ಭಾರತದಿಂದ; ಹಡಗು ಹತ್ತುತ್ತಿದ್ದ ರೇವಿನ ಗುರುತಾಗಿ ಅದಕ್ಕೆ ‘ಕಲ್ಕತ್ತಾ ಬೆತ್ತ’ ಎಂಬ ಹೆಸರು ಬಂದಿತು. ಮುಂದೆ ಚೀನಾದೇಶದ ಟಾಂಕಿನ್ ಬಿದಿರು ಆ ಸ್ಥಾನವನ್ನು ಹಿಡಿಯಿತು. ಈಚೆಗೆ ಕೋಲುಗಳು ಬಹುಮಟ್ಟಿಗೆ ಇಂಗಾಲದ ನಾರಿನವು. ತುದಿಯ ಎಳೆಯನ್ನು ಹಿಂದೆ ರೇಷ್ಮೆಹುಳುವಿನ ಒಡಲಿನಿಂದ ಎಳೆದ ತಂತಿನಿಂದ ಮಾಡುತ್ತಿದ್ದರು. ೧೯೩೮ರಲ್ಲಿ ನೈಲಾನ್ ಲೋಕಕ್ಕೆ ಬಂದ ಮೇಲೆ ಆ ಕಸುಬು ಮೆಲ್ಲಗೆ ಅಳಿಯಿತು.

ಹುಸಿನೊಣದ ಉಪಾಯವಾದರೋ ಬಹಳ ಪುರಾತನವಾದುದು. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮಿನ ಗ್ರಂಥಕಾರನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ ಹುಂಜದ ಗರಿಗಳನ್ನು ಕಟ್ಟಿ ಚುಕ್ಕೆಯ ಮೀನುಗಳನ್ನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂಗ್ಲೆಂಡಿನಲ್ಲಿ ಫ್ರೆಡರಿಕ್ ಹಾಲ್‌ಫರ್ಡ್ ೧೮೮೬ರಲ್ಲಿ ತೇಲುವ ನೊಣಗಳನ್ನು ಕಟ್ಟುವ ಕ್ರಮವನ್ನು ಶಾಸ್ತ್ರದಂತೆ ಬರೆದನು. ಕ್ಯಾಟ್‌ಸ್ಕಿಲ್ ಸೀಮೆಯ ಥಿಯೊಡೋರ್ ಗಾರ್ಡನ್ ೧೮೯೦ರಲ್ಲಿ ಅವನಿಗೆ ಕಾಗದ ಬರೆದನು. ಹಾಲ್‌ಫರ್ಡ್ ತನ್ನ ನೊಣಗಳನ್ನೇ ಕಳುಹಿಸಿಕೊಟ್ಟನು. ಆದರೆ ಇಂಗ್ಲೆಂಡಿನ ಸುಣ್ಣಕಲ್ಲಿನ ಹೊಳೆಗಳು ಮಂದಗಾಮಿಗಳು, ಕ್ಯಾಟ್‌ಸ್ಕಿಲ್ ಹೊಳೆಗಳು ಬಂಡೆಗಳ ಮೇಲೆ ಧುಮುಕುವಂಥವು. ಅಲ್ಲಿಯ ಕೀಟಗಳೇ ಬೇರೆ, ಇಲ್ಲಿಯವೇ ಬೇರೆ. ಆದಕಾರಣ ಗಾರ್ಡನ್ ತನ್ನ ಹೊಳೆಯ ಕೀಟಗಳನ್ನು ಹಿಡಿದು ನೋಡಿ, ಬಿರುಸಾದ ಗರಿಯನ್ನು ಬಳಸಿ, ಸೆಳೆತದಲ್ಲಿಯೂ ಮುಳುಗದ ನೊಣಗಳನ್ನು ಕಟ್ಟಿದನು. ಅವನು ೧೯೧೫ರಲ್ಲಿ ತೀರಿಕೊಂಡನು. ಅವನ ಹೆಸರಿನ ನೊಣವನ್ನು ಇಂದಿಗೂ ಕಟ್ಟುವರು. ಒಂದು ನದಿಯ ಜ್ಞಾನವು ಇನ್ನೊಂದು ನದಿಗೆ ಹಾಗೆಯೇ ಒಪ್ಪುವುದಿಲ್ಲವೆಂಬುದು ಈ ವಿದ್ಯೆಯ ಮೊದಲನೆಯ ಪಾಠ.

ಈಗ ಕಾಲದ ಮಾತಿಗೆ ಬರೋಣ. ಅಕ್ಟೋಬರ್ ತಿಂಗಳ ಕೊನೆ ಮತ್ತು ನವೆಂಬರ್ ತಿಂಗಳೆಂದರೆ ನಮಗೆ ಕಾರ್ತಿಕದ ದೀಪಗಳ ಕಾಲ. ಕ್ಯಾಟ್‌ಸ್ಕಿಲ್ಲಿನಲ್ಲಿ ಅಷ್ಟು ಹೊತ್ತಿಗೆ ಮೇಪಲ್ ಮರಗಳ ಕೆಂಪು ಬಣ್ಣದ ವೈಭವ ಮುಗಿದು ಕೊಂಬೆಗಳು ಬರಿದಾಗಿರುತ್ತವೆ. ಬೆಳಗಿನ ಹೊತ್ತು ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟಿರುತ್ತದೆ. ಕೋಲಿನ ಉಂಗುರಗಳಲ್ಲಿಯೂ ನೀರು ಹೆಪ್ಪುಗಟ್ಟಿ ದಾರ ಸಿಕ್ಕಿಕೊಳ್ಳುವುದುಂಟು. ದೊಡ್ಡ ಮಳೆ ಬಾರದಿದ್ದರೆ ಹೊಳೆಯು ಇಳಿದು ಗಾಜಿನಂತೆ ತಿಳಿಯಾಗಿರುತ್ತದೆ. ಉದುರಿದ ಎಲೆಗಳು ತೇಲಿಬಂದು ಮಾತುಮಾತಿಗೆ ಕೊಕ್ಕೆಗೆ ಸಿಕ್ಕುತ್ತವೆ. ಗಾಳಗಾರನಿಗೆ ಈ ಎಲೆಗಳು ಪೀಡೆ. ನದಿಗಾದರೋ ಅವೇ ಚಳಿಗಾಲದ ಅನ್ನ. ಬಂಡೆಗಳ ಸಂದಿಯಲ್ಲಿ ಒಟ್ಟಿಕೊಂಡ ಎಲೆಗಳ ಮೇಲೆ ಬೂಷ್ಟು ಹಿಡಿಯುತ್ತದೆ. ಅದನ್ನು ಕೀಟಗಳ ಮರಿಗಳು ಕತ್ತರಿಸಿ ತಿನ್ನುತ್ತವೆ. ಆ ಮರಿಗಳನ್ನು ಟ್ರೌಟ್ ತಿನ್ನುತ್ತದೆ. ದಡದ ಮರವನ್ನು ಕಡಿದವನು ಮೀನಿನ ನೆರಳನ್ನು ಮಾತ್ರವೇ ಅಲ್ಲ, ಅದರ ಅನ್ನವನ್ನೂ ಕಿತ್ತುಕೊಂಡ ಹಾಗಾಯಿತು.

ಇಂತಹ ಚಳಿಯಲ್ಲಿ ನೀರಿನ ಮೇಲೆ ಕೀಟಗಳಾದರೂ ಎಲ್ಲಿಂದ ಬಂದಾವು ಎಂದು ಕೇಳಬಹುದು. ಬೇಸಗೆಯ ದೊಡ್ಡ ಕೀಟಗಳು ಮುಗಿದಿರುವುದು ನಿಜ. ಆದರೆ ಮೇಫ್ಲೈ ಎಂಬ ಕೀಟಗಳ ವರ್ಗದಲ್ಲಿ ಬೀಟಿಸ್ ಎಂಬ ಒಂದು ಪುಟ್ಟ ಕುಲವುಂಟು. ಅದರ ಮೈ ಎಣ್ಣೆಹಸಿರು, ರೆಕ್ಕೆ ಬೂದುನೀಲಿ. ಮೇಫ್ಲೈ ತನ್ನ ಬಾಳಿನ ಬಹುಭಾಗವನ್ನು ಮರಿಯಾಗಿ ನೀರಿನ ತಳದಲ್ಲಿ ಕಳೆಯುತ್ತದೆ. ಕಾಲ ಬಂದಾಗ ಮೇಲಕ್ಕೆ ಈಜಿ, ನೀರಿನ ಮೇಲ್ಮೈಯಲ್ಲಿ ಪೊರೆ ಬಿಟ್ಟು, ರೆಕ್ಕೆ ಬಿಚ್ಚಿ ಹಾರುತ್ತದೆ. ಹಾರಿದ ಮೇಲೆ ಮತ್ತೊಮ್ಮೆ ಪೊರೆ ಬಿಡುತ್ತದೆ. ರೆಕ್ಕೆ ಬಂದ ಬಳಿಕವೂ ಹೀಗೆ ಪೊರೆ ಬಿಡುವ ಕೀಟವು ಇದೊಂದೇ. ಹಾರಾಡುವ ದಶೆಯಲ್ಲಿ ಅದಕ್ಕೆ ಆಹಾರವಿಲ್ಲ. ಕೂಡಿ ಮೊಟ್ಟೆಯಿಟ್ಟು ಸಾಯುವುದಷ್ಟೇ ಕೆಲಸ. ಮೋಡ ಕವಿದು ತುಂತುರು ಬೀಳುವ ಮಧ್ಯಾಹ್ನಗಳಲ್ಲಿ ಬೀಟಿಸ್ ಹೆಚ್ಚಾಗಿ ಏಳುತ್ತದೆ. ಚಳಿಗೆ ರೆಕ್ಕೆ ಬೇಗ ಒಣಗದೆ ಅದು ನೀರಿನ ಮೇಲೆಯೇ ಬಹಳ ಹೊತ್ತು ತೇಲಿಹೋಗುತ್ತದೆ. ಮನುಷ್ಯನಿಗೆ ಬೇಸರವೆನಿಸುವ ಮಬ್ಬಿನ ದಿನವೇ ಟ್ರೌಟಿಗೆ ಔತಣದ ದಿನ. ಇದನ್ನು ಅನುಕರಿಸುವ ಹುಸಿನೊಣವು ಅಕ್ಕಿಯ ಕಾಳಿಗಿಂತ ಚಿಕ್ಕದು.

ಇಷ್ಟು ಸಣ್ಣ ವಸ್ತುವಿನಿಂದ ಎಚ್ಚರದ ಮೀನನ್ನು ಒಪ್ಪಿಸಬೇಕಾದರೆ ಎರಡು ಸಂಗತಿಗಳನ್ನು ಬಲ್ಲವನಾಗಿರಬೇಕು. ಮೊದಲನೆಯದು ಮೀನಿನ ದೃಷ್ಟಿ. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ, ಬೆಳಕು ನೀರಿನಲ್ಲಿ ಬಾಗುವ ಕಾರಣದಿಂದ, ಹೊರಲೋಕವೆಲ್ಲ ತಲೆಯ ಮೇಲಿನ ಒಂದು ದುಂಡುಕಿಂಡಿಯೊಳಗೆ ಅಡಗಿದಂತೆ ಕಾಣುತ್ತದೆ. ಆ ಕಿಂಡಿಯ ಅಂಚಿನಲ್ಲಿ ತಗ್ಗಿನಲ್ಲಿರುವ ವಸ್ತುಗಳು ಕುಗ್ಗಿ ಮಸಕಾಗುತ್ತವೆ. ಆದುದರಿಂದಲೇ ಗಾಳಗಾರನು ಬಗ್ಗಿ ನಡೆಯುವುದು. ಶರತ್ಕಾಲದ ಸೂರ್ಯನು ತಗ್ಗಿನಲ್ಲಿ ಸಾಗುವುದರಿಂದ ನೆರಳು ಉದ್ದ. ಆ ನೆರಳು ಮಡುವಿನ ಮೇಲೆ ಬಿದ್ದರೆ ಅಂದಿನ ಬೇಟೆ ಮುಗಿಯಿತು. ಎರಡನೆಯದು ನೀರಿನ ನಡೆ. ಹೊಳೆಯ ನಡುವೆ ವೇಗ ಹೆಚ್ಚು, ದಡದಲ್ಲಿ ಕಡಿಮೆ. ದಾರವು ವೇಗದ ನೀರಿನ ಮೇಲೂ ನೊಣವು ನಿಧಾನದ ನೀರಿನ ಮೇಲೂ ಬಿದ್ದರೆ, ದಾರವು ನೊಣವನ್ನು ಎಳೆದು ಓಡಿಸುತ್ತದೆ. ನಿಜವಾದ ಕೀಟ ಹಾಗೆ ಓಡುವುದಿಲ್ಲವೆಂದು ಟ್ರೌಟಿಗೆ ಗೊತ್ತು. ನೊಣದ ಬಣ್ಣದಲ್ಲಿ ಕೊಂಚ ತಪ್ಪಿದರೆ ಅದು ಕ್ಷಮಿಸೀತು. ನಡೆಯಲ್ಲಿ ತಪ್ಪಿದರೆ ಕ್ಷಮಿಸದು.

ಎಲ್ಲ ಹೊತ್ತಿನಲ್ಲಿಯೂ ಮೀನು ಮೇಲಕ್ಕೆ ಬರುವುದಿಲ್ಲ. ಅದು ಶೀತರಕ್ತದ ಪ್ರಾಣಿ; ನೀರು ೪ ಡಿಗ್ರಿಯ ಕಡೆಗೆ ಇಳಿದರೆ ಅದರ ಜೀರ್ಣಶಕ್ತಿಯೂ ಚಲನೆಯೂ ಮಂದವಾಗುತ್ತವೆ. ಆಗ ಅದು ಆಳವಾದ ಮಂದನೀರಿನ ತಳದಲ್ಲಿ ನಿಂತು, ಬಾಯಿಯ ಮುಂದೆ ಬಂದುದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಬೇಸಗೆಯಲ್ಲಿ ಮುಂಜಾನೆಯೂ ಸಂಜೆಯೂ ಒಳ್ಳೆಯ ಹೊತ್ತುಗಳಾದರೆ, ಈಗ ಹಗಲು ಹನ್ನೊಂದರಿಂದ ಮೂರರವರೆಗೆ ಒಳ್ಳೆಯ ಹೊತ್ತು. ಕೀಟದ ಮರಿಯ ಹೋಲಿಕೆಯನ್ನು ಮಾಡಿ ತಳದ ಬಳಿ ತೇಲಿಬಿಡುವುದು ಆಗಿನ ಉಪಾಯ. ತೇಲುವ ನೊಣವೊಂದೇ ಮರ್ಯಾದೆಯ ಬೇಟೆಯೆಂದು ಹಾಲ್‌ಫರ್ಡನ ಅನುಯಾಯಿಗಳು ಪಟ್ಟುಹಿಡಿದಿದ್ದಾಗ, ಜಿ. ಇ. ಎಂ. ಸ್ಕ್ಯೂಸ್ ಎಂಬ ಇಂಗ್ಲಿಷ್ ವಕೀಲನು ೧೯೧೦ರಲ್ಲಿ ಒಂದು ಗ್ರಂಥವನ್ನು ಬರೆದು, ಮುಳುಗಿದ ನೊಣಕ್ಕೂ ನ್ಯಾಯವಾದ ಸ್ಥಾನವುಂಟೆಂದು ವಾದಿಸಿದನು. ಮೀನು ಮೇಯುವುದು ಹೆಚ್ಚಾಗಿ ನೀರಿನೊಳಗೇ ಅಲ್ಲವೆ? ವಾದವು ಬಹುಕಾಲ ನಡೆಯಿತು; ಕಡೆಗೆ ನದಿಯು ಸ್ಕ್ಯೂಸನ ಪರವಾಗಿ ಸಾಕ್ಷಿ ಹೇಳಿತು.

ಮೂರನೆಯ ಉಪಾಯವೊಂದುಂಟು. ಅದರಲ್ಲಿ ಕೀಟದ ಬದಲು ಸಣ್ಣ ಮೀನೊಂದರ ಹೋಲಿಕೆಯನ್ನು ಉದ್ದವಾದ ಗರಿಗಳಿಂದ ಕಟ್ಟಿ ನೀರಿನಲ್ಲಿ ಎಳೆಯುವರು. ಇಲ್ಲಿ ಮತ್ತೊಮ್ಮೆ ನಮ್ಮ ಕಾಡು ನೆನಪಿಗೆ ಬರುತ್ತದೆ. ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಹುಂಜದ ಕತ್ತಿನಲ್ಲಿ ಅರಗಿನ ಹನಿಯಂತೆ ಹೊಳೆಯುವ ಚುಕ್ಕೆಗಳ ಗರಿಗಳಿವೆ. ಅವನ್ನು ಕಟ್ಟಿದರೆ ಮೀನಿನ ಕಣ್ಣಿನಂತೆಯೇ ಕಾಣುತ್ತದೆ. ೧೯೨೪ರಲ್ಲಿ ಅಮೆರಿಕದ ಮೇನ್ ಪ್ರಾಂತದ ಕ್ಯಾರಿ ಸ್ಟೀವನ್ಸ್ ಎಂಬ ಮಹಿಳೆ ಕಟ್ಟಿದ ‘ಗ್ರೇ ಗೋಸ್ಟ್’ ಎಂಬ ಪ್ರಖ್ಯಾತವಾದ ನೊಣದ ಕೆನ್ನೆಗೂ ಈ ಗರಿಯೇ ಭೂಷಣ. ಈ ಬೇಡಿಕೆಯಿಂದ ನಮ್ಮ ಕಾಡುಕೋಳಿಗಳು ಬಹಳವಾಗಿ ಬಲಿಯಾದುವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಈಗ ಅವುಗಳಿಗೆ ರಕ್ಷೆಯಾಗಿದೆ. ಹೊರದೇಶದ ಗಾಳಗಾರರು ಅಲ್ಲಿಯೇ ಸಾಕಿದ ಹಕ್ಕಿಗಳ ಗರಿಗಳನ್ನು ಬಳಸುತ್ತಾರೆ.

ಶರತ್ಕಾಲದ ಕೊನೆಯಲ್ಲಿ ಈ ಮೂರನೆಯ ಉಪಾಯಕ್ಕೆ ದೊಡ್ಡ ದೊಡ್ಡ ಗಂಡು ಟ್ರೌಟುಗಳು ಎರಗಿ ಬೀಳುತ್ತವೆ. ಇದು ಹಸಿವಿಗಿಂತ ಹೆಚ್ಚಾಗಿ ಕೋಪದ ಫಲ. ಆ ದಿನಗಳಲ್ಲಿ ಗಂಡುಮೀನಿನ ಕೆಳದವಡೆ ಕೊಕ್ಕೆಯಂತೆ ಬಾಗಿ, ಮೈ ಹೊನ್ನಿನ ಬಣ್ಣವಾಗಿ, ಅದು ತನ್ನ ನೆಲೆಯ ಹತ್ತಿರಕ್ಕೆ ಬಂದ ಇತರ ಮೀನನ್ನೆಲ್ಲ ಅಟ್ಟುತ್ತದೆ. ಇದಕ್ಕೆ ಕಾರಣವೇನೆಂದು ವಿಚಾರಿಸಿದರೆ ನಾವು ನಮ್ಮ ಭಾಷಣದ ಮುಖ್ಯಾಂಶಕ್ಕೆ ಬಂದಂತಾಗುತ್ತದೆ. ಕಂದು ಟ್ರೌಟೂ ಬ್ರೂಕ್ ಟ್ರೌಟೂ ಮೊಟ್ಟೆಯಿಡುವುದು ಶರತ್ಕಾಲದಲ್ಲಿಯೇ. ಗಾಳಗಾರನು ಬಂದು ನಿಂತಿರುವುದು ಅವುಗಳ ಸೂತಿಕಾಗೃಹದ ಬಾಗಿಲಿನಲ್ಲಿ.

ಹೆಣ್ಣುಮೀನು ಮಡುವು ಮುಗಿದು ನೀರು ತೆಳ್ಳಗೆ ಓಡತೊಡಗುವ ಕಡೆಯಲ್ಲಿ, ಹರಳುಗಲ್ಲಿನ ಹಾಸನ್ನು ಆರಿಸಿಕೊಳ್ಳುತ್ತದೆ. ಒಂದು ಪಕ್ಕಕ್ಕೆ ವಾಲಿ, ಬಾಲವನ್ನು ಬಲವಾಗಿ ಬಡಿಬಡಿದು, ಹರಳುಗಳನ್ನು ಎಬ್ಬಿಸಿ ಒಂದು ಗುಂಡಿಯನ್ನು ಮಾಡುತ್ತದೆ. ಎದ್ದ ಸಣ್ಣ ಮಣ್ಣನ್ನು ಹರಿವ ನೀರು ಒಯ್ಯುತ್ತದೆ. ತೊಳೆದ ಹರಳುಗಳು ಉಳಿಯುತ್ತವೆ. ಆ ಗುಂಡಿಯಲ್ಲಿ ಮೊಟ್ಟೆಯಿಟ್ಟೊಡನೆ ಗಂಡು ಅದನ್ನು ಫಲಿತಗೊಳಿಸುತ್ತದೆ. ಬಳಿಕ ಹೆಣ್ಣು ಸ್ವಲ್ಪ ಮೇಲೆ ಸರಿದು ಮತ್ತೊಂದು ಗುಂಡಿಯನ್ನು ತೋಡುತ್ತದೆ. ಅಲ್ಲಿಂದ ಎದ್ದ ಹರಳು ಕೆಳಗಣ ಮೊಟ್ಟೆಗಳನ್ನು ಮುಚ್ಚುತ್ತದೆ. ಹೀಗೆ ಮೇಲುಗಡೆ ತಗ್ಗು, ಕೆಳಗಡೆ ದಿಬ್ಬವಾಗಿ ಗೂಡು ಏರ್ಪಡುತ್ತದೆ. ಮೊಟ್ಟೆಗಳಿರುವುದು ದಿಬ್ಬದ ಒಳಗೆ. ಸುತ್ತಣ ಕಲ್ಲುಗಳೆಲ್ಲ ಪಾಚಿಗಟ್ಟಿ ಕಪ್ಪಾಗಿರುವಾಗ ಈ ಗೂಡು ಮಾತ್ರ ಈಗತಾನೇ ಸಾರಿಸಿದ ಅಂಗಳದಂತೆ ಬೆಳ್ಳಗೆ ಹೊಳೆಯುತ್ತದೆ. ಬಲ್ಲ ಕಣ್ಣಿಗೆ ಅದು ದೂರದಿಂದಲೇ ಕಾಣುತ್ತದೆ. ಅರಿಯದವನು ಅದನ್ನೇ ಕಾಲಿಡಲು ಒಳ್ಳೆಯ ಜಾಗವೆಂದು ಭಾವಿಸುತ್ತಾನೆ.

ಮೊಟ್ಟೆಯು ಬಟಾಣಿಗಿಂತ ಸ್ವಲ್ಪ ಚಿಕ್ಕದು. ತಣ್ಣೀರಿನಲ್ಲಿ ಅದರ ಬೆಳವಣಿಗೆ ಬಹಳ ನಿಧಾನ. ನೀರು ೧೦ ಡಿಗ್ರಿಯಿದ್ದರೆ ಸುಮಾರು ಆರು ವಾರಗಳಲ್ಲಿ ಒಡೆಯತಕ್ಕ ಮೊಟ್ಟೆಗೆ, ೫ ಡಿಗ್ರಿಯಿದ್ದರೆ ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯುತ್ತದೆ. ಒಡೆದ ಮೇಲೂ ಮರಿಯು ತನ್ನ ಹೊಟ್ಟೆಗೆ ಅಂಟಿದ ಭಂಡಾರದ ಚೀಲದಿಂದ ಪೋಷಣೆ ಪಡೆಯುತ್ತಾ ಕೆಲವು ವಾರಗಳ ಕಾಲ ಹರಳಿನ ಒಳಗೇ ಇರುತ್ತದೆ. ಎಂದರೆ, ಕಾರ್ತಿಕದಲ್ಲಿ ಇಟ್ಟ ಮೊಟ್ಟೆಯಿಂದ ಮರಿಯು ಹೊರಗೆ ಬರುವುದು ವಸಂತದಲ್ಲಿ. ಅಷ್ಟು ಕಾಲವೂ ಹರಳುಗಳ ಸಂದಿನಲ್ಲಿ ಹರಿದುಬರುವ ನೀರೇ ಅದಕ್ಕೆ ಉಸಿರು. ಮೇಲಿನಿಂದ ಒಂದು ಕಾಲು ಬಿದ್ದರೆ ಸಂದು ಮುಚ್ಚುತ್ತದೆ, ಹರಳು ಅರೆಯುತ್ತದೆ. ೧೯೯೨ರಲ್ಲಿ ಅಮೆರಿಕದ ಮೊಂಟಾನಾ ಪ್ರಾಂತದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಕೃತಕವಾಗಿ ಮಾಡಿದ ಗೂಡುಗಳ ಮೇಲೆ ದಿನಕ್ಕೆರಡು ಬಾರಿಯಂತೆ ಮೊದಲಿಂದ ಕಡೆಯವರೆಗೆ ನಡೆದಾಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮೊಟ್ಟೆ ಮರಿಗಳು ಸತ್ತುವು. ಮೊಟ್ಟೆಯೊಡೆಯುವುದಕ್ಕೆ ತುಸು ಮುಂಚೆ ಒಂದೇ ಒಂದು ಬಾರಿ ನಡೆದುದರಿಂದಲೇ ನೂರಕ್ಕೆ ೪೩ರವರೆಗೂ ನಾಶವಾದುವು. ಕೊಕ್ಕೆಗೆ ಒಂದು ಮೀನೂ ಬೀಳದ ದಿನದಲ್ಲಿಯೂ ಗಾಳಗಾರನ ಕಾಲು ನೂರಾರು ಮೀನುಗಳನ್ನು ಕೊಲ್ಲಬಲ್ಲುದೆಂದು ಇದರಿಂದ ತಿಳಿಯುತ್ತದೆ.

ಹಿಂದೆ ನ್ಯೂಯಾರ್ಕ್ ಪ್ರಾಂತದ ಬಹುಪಾಲು ಟ್ರೌಟ್ ಹೊಳೆಗಳಲ್ಲಿ ಅಕ್ಟೋಬರ್ ೧೫ಕ್ಕೆ ಗಾಳದ ಕಾಲ ಮುಗಿಯುತ್ತಿತ್ತು. ಬೀವರ್‌ಕಿಲ್ಲಿನ ಕೆಲವು ಭಾಗಗಳು ಮಾತ್ರ, ಹಿಡಿದುದನ್ನು ಬಿಟ್ಟುಬಿಡಬೇಕೆಂಬ ನಿಬಂಧನೆಯೊಡನೆ, ವರ್ಷವೆಲ್ಲ ತೆರೆದಿರುತ್ತಿದ್ದುವು. ೨೦೨೨ರ ಏಪ್ರಿಲಿನಿಂದ ಕಾನೂನು ಬದಲಾಯಿತು. ಅಕ್ಟೋಬರ್ ೧೬ರಿಂದ ಮಾರ್ಚ್ ಕೊನೆಯವರೆಗೂ, ಕೃತಕವಾದ ಗಾಳವನ್ನೇ ಬಳಸಬೇಕು, ಹಿಡಿದ ಮೀನನ್ನು ಕೂಡಲೇ ಬಿಡಬೇಕು ಎಂಬ ನಿಯಮದ ಮೇಲೆ, ಟ್ರೌಟ್ ಹೊಳೆಗಳನ್ನು ಸಾಮಾನ್ಯವಾಗಿ ತೆರೆದಿಟ್ಟರು. ಇದರ ಪರವಾಗಿ ಹೇಳುವ ಮಾತೂ ಉಂಟು. ಚಳಿಗಾಲದಲ್ಲಿಯೂ ದಡದ ಮೇಲೆ ನಾಲ್ಕು ಜನ ಬಲ್ಲವರು ಓಡಾಡುತ್ತಿದ್ದರೆ ಕಳ್ಳಬೇಟೆಯೂ ನೀರಿಗೆ ಕೊಳೆ ಬಿಡುವುದೂ ಅವರ ಕಣ್ಣಿಗೆ ಬೀಳುತ್ತದೆ. ನದಿಯನ್ನು ಪ್ರೀತಿಸುವವರು ಹೆಚ್ಚಿದಷ್ಟೂ ನದಿಗೆ ವಕೀಲರು ಹೆಚ್ಚುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಒಂದನ್ನು ಮರೆಯಬಾರದು. ಹಿಂದೆ ಕಾನೂನು ಹೊತ್ತಿದ್ದ ಭಾರವನ್ನು ಈಗ ಗಾಳಗಾರನ ವಿವೇಕವೇ ಹೊರಬೇಕಾಗಿದೆ. ಹಿಡಿದುದನ್ನು ಬಿಡು ಎನ್ನಬಲ್ಲ ಕಾನೂನು, ಇಂಥ ಕಲ್ಲಿನ ಮೇಲೆ ಕಾಲಿಡಬೇಡ ಎಂದು ಪ್ರತಿಯೊಬ್ಬನ ಹಿಂದೆ ಬಂದು ಹೇಳಲಾರದು.

ಆ ವಿವೇಕದ ನಿಯಮಗಳು ಕೆಲವೇ. ಮಡುವಿನ ತುದಿಯ ತೆಳ್ಳನೆಯ ಹರಳುಹಾಸಿಗೆ ಇಳಿಯದೆ, ಆದಷ್ಟು ದಡದಿಂದಲೇ ಎಸೆಯಬೇಕು. ನೀರಿಗಿಳಿಯಲೇಬೇಕಾದರೆ ದೊಡ್ಡ ಬಂಡೆಗಳ ಮೇಲೆಯೋ ಮರಳಿನ ಮೇಲೆಯೋ ಹೆಜ್ಜೆಯಿಡಬೇಕು. ಜೋಡಿಯಾಗಿ ಗೂಡಿನ ಮೇಲೆ ನಿಂತ ಮೀನುಗಳು ಎಷ್ಟು ದೊಡ್ಡವಾದರೂ ಅವುಗಳ ಕಡೆಗೆ ದಾರ ಬೀಸಬಾರದು. ಆಗ ಅವುಗಳನ್ನು ಹಿಡಿಯುವುದರಲ್ಲಿ ಜಾಣತನವೂ ಇಲ್ಲ, ಏಕೆಂದರೆ ಆ ಮೀನು ಓಡಿಹೋಗದೆ ಗೂಡಿಗೆ ಅಂಟಿಕೊಂಡ ಮೀನು. ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಮಟ್ಟಮಾಡಬೇಕು. ಮೀನನ್ನು ದಣಿಯುವವರೆಗೆ ಆಡಿಸದೆ ಬೇಗ ಹತ್ತಿರಕ್ಕೆ ತಂದು, ಒದ್ದೆಯ ಕೈಯಿಂದ ಹಿಡಿದು, ನೀರಿನಲ್ಲಿಟ್ಟುಕೊಂಡೇ ಕೊಕ್ಕೆ ಬಿಡಿಸಬೇಕು. ಒಣಕೈ ಅದರ ಮೈಮೇಲಿನ ಲೋಳೆಯ ಕವಚವನ್ನು ಕೀಳುತ್ತದೆ. ಹೆಪ್ಪುಗಟ್ಟಿಸುವ ಗಾಳಿಯು ಅದರ ಕಿವಿರುಗಳಿಗೆ ಕೇಡು.

ಇದು ದೂರದೇಶದ ಮಾತು, ನಮಗೇನು ಎಂದು ಕೇಳುವವರಿರಬಹುದು. ಟ್ರೌಟ್ ನಮ್ಮ ದೇಶಕ್ಕೂ ಬಂದ ಮೀನು. ೧೯೦೦ರ ಸುಮಾರಿನಲ್ಲಿ ಸ್ಕಾಟ್ಲೆಂಡಿನ ಕಂದು ಟ್ರೌಟನ್ನು ಕಾಶ್ಮೀರದ ಹೊಳೆಗಳಿಗೆ ತಂದರು. ಅದೇ ಕಾಲದಲ್ಲಿ ಮಳೆಬಿಲ್ಲಿನ ಟ್ರೌಟ್ ನೀಲಗಿರಿಯ ಎತ್ತರದ ತೊರೆಗಳಲ್ಲಿ ನೆಲೆಗೊಂಡಿತು. ಇದಕ್ಕಿಂತಲೂ ಹತ್ತಿರದ ಸಂಗತಿಯೊಂದಿದೆ. ನಾವು ಮೇಲೆ ಹೇಳಿದ ಕಾವೇರಿಯ ಬಿಳಿಮೀನುಗಳಲ್ಲಿ, ಕಿತ್ತಳೆಬಣ್ಣದ ಈಜುರೆಕ್ಕೆಯ, ಗೂನುಬೆನ್ನಿನ ಮಹಾಮತ್ಸ್ಯವೊಂದು ಕಾವೇರಿಯ ಸೀಮೆಗೇ ಸೇರಿದುದು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಜಾತಿ ಹೆಚ್ಚಿದಂತೆ ಅದು ಕುಗ್ಗಿತು. ೨೦೧೮ರಲ್ಲಿ ಅದರ ಶಾಸ್ತ್ರೀಯ ಹೆಸರು ನಿರ್ಣಯವಾಗಿ, ಅದು ಅಳಿವಿನ ಅಂಚಿನಲ್ಲಿರುವ ಮೀನೆಂದು ಲೋಕದ ಪಟ್ಟಿಗೆ ಸೇರಿತು. ಅದು ಹೀಗೆ ಕುಗ್ಗುತ್ತಿದೆಯೆಂದು ತೋರಿಸಿದ ಮುಖ್ಯ ಆಧಾರಗಳಲ್ಲಿ ಒಂದು ಯಾವುದು? ಕಾವೇರಿಯ ಗಾಲಿಬೋರೆಯಲ್ಲಿ, ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಿದ್ದ ಗಾಳಗಾರರು, ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ದಿನಚರಿಯ ಲೆಕ್ಕಗಳು.

ಇದರಿಂದ ಈ ವಿದ್ಯೆಯ ನಿಜವಾದ ಬೆಲೆಯೆಷ್ಟೆಂಬುದನ್ನು ಊಹಿಸಬಹುದು. ಮೀನನ್ನು ಮೋಸಗೊಳಿಸಬೇಕೆಂದು ಹೊರಟವನು ಅದು ಏನನ್ನು ತಿನ್ನುತ್ತದೆ, ಎಲ್ಲಿ ನಿಲ್ಲುತ್ತದೆ, ಹೇಗೆ ನೋಡುತ್ತದೆ, ಯಾವಾಗ ಹೆರುತ್ತದೆ ಎಂಬುದನ್ನೆಲ್ಲ ಕಲಿಯಬೇಕಾಗುತ್ತದೆ. ಅಷ್ಟನ್ನು ಕಲಿತ ಮೇಲೆ, ಹಿಡಿಯಬಾರದ ಹೊತ್ತು ಯಾವುದು, ಕಾಲಿಡಬಾರದ ಜಾಗ ಯಾವುದು ಎಂಬುದೂ ಅವನಿಗೆ ತಿಳಿದಿರುತ್ತದೆ. ತಿಳಿದವನು ಆ ತಿಳಿವಿನಂತೆ ನಡೆದರೆ, ಮುಂದಿನ ವಸಂತದಲ್ಲಿ ಬೀವರ್‌ಕಿಲ್ಲಿನ ಹರಳುಗಳ ಸಂದಿನಿಂದ ಅಂಗುಲದಷ್ಟು ಉದ್ದದ ಮರಿಗಳು ಮೇಲಕ್ಕೆದ್ದು, ತಮ್ಮ ಮೊದಲನೆಯ ಕೀಟವನ್ನು ಹಿಡಿಯುವುವು.